ಪದಚರ್ಚೆ: ‘ತರಗು ಬೆಂಕಿ’ಗೆ ಫಲಕದಲ್ಲಿ ಏನೆಂದು ಬರೆಯಲಿ?

ಮಾನ್ಯರೇ,

ತುರ್ತಾಗಿ ಒಂದು ಪದ ಬೇಕಾಗಿದೆ. ಬಿಳಿಗಿರಿರಂಗನಬೆಟ್ಟದ ಸೋಲಿಗ ಯುವಕ ಯುವತಿಯರು ತಮ್ಮ ಕಾಡಿನ ಬಗ್ಗೆ ಒಂದು ಪ್ರದರ್ಶನ ಅಣಿಗೊಳಿಸುತ್ತಿದ್ದಾರೆ. ಫಲಕಗಳ ಇಂಗ್ಲಿಷ್ ಕರಡನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಬೇಸಿಗೆ ಬಲಿಯುವ ಮೊದಲೇ, ಉದುರಿದ ಎಲೆಗೆ ಹಿರಿಯರು ಹಾಕುತ್ತಿದ್ದ ಸಣ್ಣ ಬೆಂಕಿಗೆ ‘ನಿಯಂತ್ರಿತ ಕಾಡ್ಗಿಚ್ಚು’ ಎಂದು ಬರೆದಿದ್ದೆ. ಕರಡನ್ನು ಗಟ್ಟಿಯಾಗಿ ಓದುತ್ತಿದ್ದ ಹುಡುಗಿ ಅಲ್ಲಿಗೇ ನಿಂತಳು. “ಕಾಡ್ಗಿಚ್ಚು ಹಬ್ಬುವುದು, ಇದು ನಾವು ಹಾಕುವುದು. ಇದಕ್ಕೆ ತರಗು ಬೆಂಕಿ ಎನ್ನುತ್ತೇವೆ” ಎಂದಳು. ಅದನ್ನೇ ಇಟ್ಟರೆ ಪಟ್ಟಣದಿಂದ ಬರುವವರಿಗೆ ತಿಳಿಯುತ್ತದೆಯೇ? ನಾಡಿದ್ದು ಫಲಕ ಬರೆಯುವವರ ಕೈಗೆ ಕೊಡಬೇಕು.

ಮೈಸೂರಿನಿಂದ:

‘ಪರ್ಣಾಗ್ನಿ’ ಎನ್ನಿ. ದಾವಾಗ್ನಿ, ಬಡಬಾಗ್ನಿ, ಜಠರಾಗ್ನಿಗಳ ಸಾಲಿನಲ್ಲಿ ಒಪ್ಪವಾಗಿ ಕೂರುತ್ತದೆ. ‘ತರಗು’ ಗ್ರಾಮ್ಯ. ನಾಲ್ಕು ಜನ ಓದುವ ಫಲಕಕ್ಕೆ ಗಾಂಭೀರ್ಯ ಬೇಕು.

ಧಾರವಾಡದಿಂದ:

ಪರ್ಣಾಗ್ನಿ ಸಲ್ಲದು. ಹಸಿ ಎಲೆಯೂ ಪರ್ಣವೇ. ಆದರೆ ‘ಬೆಂಕಿ’ಗೂ ನನ್ನ ಒಪ್ಪಿಗೆ ಇಲ್ಲ. ಹಳಗನ್ನಡದ ಕಾಳ್ಗಿಚ್ಚು ಇಂದಿನ ಕಾಡ್ಗಿಚ್ಚು ಆಯಿತಲ್ಲವೇ? ಅದೇ ಜಾಡಿನಲ್ಲಿ ‘ತರಗುಗಿಚ್ಚು’ ಎಂದಾಗಬೇಕು; ಗಕಾರಾದೇಶವನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಕಿಚ್ಚು ಎಂಬ ಚೆಂದದ ಮಾತು ಈಗ ಹೊಟ್ಟೆಕಿಚ್ಚಿಗೆ ಮಾತ್ರ ಉಳಿಯುವ ಹಾಗಾಗಿದೆ. ಅದನ್ನು ಮತ್ತೆ ಬಳಕೆಗೆ ತರುವ ಅವಕಾಶ ಸಿಕ್ಕಿರುವಾಗ ಕೈಬಿಡಬೇಡಿ.

ಚಾಮರಾಜನಗರದಿಂದ:

ಅವರು ಹೊಸ ಪದ ಹೊಸೆದುಕೊಡಿ ಎಂದು ಕೇಳಿಲ್ಲ. ಇರುವ ಪದವನ್ನು ಇಡಬಹುದೇ ಎಂದು ಕೇಳಿದ್ದಾರೆ. ಇಡಬೇಕು.

‘ಗ್ರಾಮ್ಯ’ ಎಂಬ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ತರಗೆಲೆ ಎಂದು ನಾವು ಬರೆದರೆ ಅಚ್ಚಗನ್ನಡ, ಸೋಲಿಗರ ಬಾಯಿಂದ ತರಗು ಎಂದು ಬಂದರೆ ಗ್ರಾಮ್ಯವೇ?

ಇನ್ನು ಕಿಚ್ಚು. ತಡೆಯಿಲ್ಲದೆ ಉರಿಯುವ ಬೆಂಕಿಯ ನೆನಪು ಆ ಪದಕ್ಕೆ ಅಂಟಿಕೊಂಡಿದೆ. ತರಗು ಬೆಂಕಿ ಅದಲ್ಲ. ಜನವರಿ, ಫೆಬ್ರವರಿಯಲ್ಲಿ ಮೇಲೆ ತರಗು ಒಣಗಿ ಗರಿಗರಿಯಾಗಿರುತ್ತದೆ, ಹುಲ್ಲಿನ ಬುಡದಲ್ಲಿ ಇನ್ನೂ ತೇವ ಇರುತ್ತದೆ. ಆಗ ಹಾಕಿದ ಬೆಂಕಿ ನೆಲ ಸವರಿಕೊಂಡು ಹೋಗಿ ಆರುತ್ತದೆ. ನೆಲ್ಲಿ ಮರದ ಸಾರ ಹೀರುವ ಬದನಿಕೆಗೆ ಸೋಲಿಗರು ‘ಉಪ್ಪಿಲು’ ಎನ್ನುತ್ತಾರೆ. ಈ ಬೆಂಕಿ ನಿಂತ ಮೇಲೆಯೇ ಉಪ್ಪಿಲು, ಲಂಟಾನ ಎರಡೂ ಮಿತಿಮೀರಿದವು ಎನ್ನುವುದು ಹಿರಿಯರ ಮಾತು. ಬೆಟ್ಟದಲ್ಲಿ ಕೆಲಸ ಮಾಡಿದ ಸಂಶೋಧಕರೂ ಅದನ್ನು ತಳ್ಳಿಹಾಕದೆ ಬರೆದಿದ್ದಾರೆ.

ಪದದ ಆಯ್ಕೆ ಇಲ್ಲಿ ರುಚಿಯ ಪ್ರಶ್ನೆಯಲ್ಲ. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. 1972ರ ವನ್ಯಜೀವಿ ಕಾಯ್ದೆಯ 30ನೆಯ ಕಲಂ ಪ್ರಕಾರ ಅಭಯಾರಣ್ಯಕ್ಕೆ ಬೆಂಕಿ ಹಾಕುವುದು ಅಪರಾಧ. ಫಲಕದಲ್ಲಿ ‘ಕಾಡ್ಗಿಚ್ಚು’ ಎಂದು ಬರೆದರೆ, ಅದರ ಹಿಂದೆ ‘ನಿಯಂತ್ರಿತ’ ಸೇರಿಸಿದರೂ, ಆ ಮಕ್ಕಳ ಅಜ್ಜಂದಿರನ್ನು ಕಾಡು ಸುಟ್ಟವರೆಂದು ನಾವೇ ಬರೆದುಕೊಟ್ಟ ಹಾಗೆ. 2011ರಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು, ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹಕ್ಕು ಸಿಕ್ಕವರ ಮಾತಿಗೆ ನಮ್ಮ ಕನ್ನಡದಲ್ಲಿ ಜಾಗ ಸಿಗದಿದ್ದರೆ ಹೇಗೆ?

ಇನ್ನೊಂದು. ಕರಡಿನಲ್ಲಿ ಸೋಲಿಗರ ವಸತಿಗೆ ‘ಹಾಡಿ’ ಎಂದು ಹಾಕಿದ್ದರೆ ಈಗಲೇ ತೆಗೆಯಿರಿ. ಹಾಡಿ ಎಂಬುದು ಮೈಸೂರು, ಕೊಡಗಿನ ಕಡೆಯ ಜೇನುಕುರುಬರಲ್ಲಿ. ಬೆಟ್ಟದ ಸೋಲಿಗರದು ಪೋಡು.

ಧಾರವಾಡದಿಂದ:

ಪೋಡು ಎಂದರೆ ತೆಲುಗಿನಲ್ಲಿ ಕಾಡು ಕಡಿದು ಸುಟ್ಟು ಮಾಡುವ ಬೇಸಾಯ. ನಮ್ಮ ಕಂದಾಯ ಕಚೇರಿಯಲ್ಲಿ ಪೋಡಿ ಎಂದರೆ ಜಮೀನು ಬೇರ್ಪಡಿಸುವುದು. ಓದುವವರು ಗೊಂದಲಕ್ಕೆ ಬೀಳುತ್ತಾರೆ. ಹೀಗೆ ಒಂದೊಂದು ಬೆಟ್ಟದ ಮಾತನ್ನೂ ಎರವಲು ತರುತ್ತಾ ಹೋದರೆ ಬರೆಹದ ಕನ್ನಡಕ್ಕೆ ಒಂದು ಅಚ್ಚು ಉಳಿಯುವುದಿಲ್ಲ.

ಚಾಮರಾಜನಗರದಿಂದ:

ನಿಮ್ಮ ಸಾಲಿನಲ್ಲೇ ಕಚೇರಿ ಇದೆ, ಜಮೀನು ಇದೆ. ಎರಡೂ ಹೊರಗಿನಿಂದ ಬಂದವು; ಜಮೀನಂತೂ ಪರ್ಷಿಯನ್ ಬಳಿಯದು. ಲಂಟಾನ ಅಮೆರಿಕ ಖಂಡದ ಗಿಡ, ಹೆಸರು ಸಮೇತ ಒಳಗೆ ಬಂತು. ಯಾರೂ ತಡೆಯಲಿಲ್ಲ. ನಮ್ಮದೇ ನುಡಿಯ ಒಡಹುಟ್ಟಿದ ಸೋಲಿಗ ಮಾತು ಬಂದಾಗ ಮಾತ್ರ ‘ಎರವಲು’ ಎಂಬ ಪದ ಏಕೆ ಬರುತ್ತದೆ? ತರಗೂ ನಮ್ಮದು, ಬೆಂಕಿಯೂ ನಮ್ಮದು. ಎರವಲಿನ ಮಾತು ಇಲ್ಲಿ ಹುಟ್ಟುವುದೇ ಇಲ್ಲ.

ಕೇಳಿದವರಿಂದ:

ಎಲ್ಲರಿಗೂ ವಂದನೆ. ‘ತರಗು ಬೆಂಕಿ’ ಎಂದೇ ಕೊಡುತ್ತಿದ್ದೇನೆ. ಹಾಡಿ ಎಂದು ಮೂರು ಕಡೆ ಬರೆದಿದ್ದೆ, ತಿದ್ದಿದ್ದೇನೆ. ಪದದ ಕೆಳಗೆ ಅರ್ಥದ ಸಾಲನ್ನು ಆ ಹುಡುಗಿಯೇ ಬರೆದುಕೊಟ್ಟಳು: “ಎಲೆ ಉರಿಯುತ್ತದೆ, ಮರ ಉಳಿಯುತ್ತದೆ.” ನಾನು ಅದನ್ನು ಮುಟ್ಟಿಲ್ಲ.

ಧಾರವಾಡದಿಂದ:

ಸಾಲು ಚೆನ್ನಾಗಿದೆ. ಆದರೆ ‘ತರಗುಬೆಂಕಿ’ ಎಂದು ಕೂಡಿಸಿಯೇ ಬರೆಯಿಸಿ. ಬಿಡಿಸಿ ಬರೆದರೆ ಸಮಾಸವಾಗುವುದಿಲ್ಲ.