ವೈನಿಗೆ ಹಿಂಡಿದ ಮೇಲೆ ಉಳಿಯುವ ದ್ರಾಕ್ಷಿ: ಹಿಂಡಿಯೋ, ಹಿಪ್ಪೆಯೋ, ರಚ್ಚೋ?

ಎಲ್ಲರಿಗೂ ನಮಸ್ಕಾರ. ಒಂದು ವಿಜ್ಞಾನ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಲ್ಕು ದಿನದಿಂದ ಒಂದೇ ಪದದ ಹತ್ತಿರ ಕೂತಿದ್ದೇನೆ. ವಿಷಯ ಇಷ್ಟೇ: ವೈನ್ ಮಾಡಿದ ಮೇಲೆ ಉಳಿಯುವ ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಿಂದ ಸಾರ ತೆಗೆದು ಬಾಯಿ ಹುಣ್ಣಿಗೆ ಮದ್ದು ಮಾಡಲು ನೋಡುತ್ತಿದ್ದಾರೆ. ಆ ಉಳಿಕೆಯ ರಾಶಿಗೆ ಇಂಗ್ಲಿಷಿನಲ್ಲಿ ಪಾಮೆಸ್, ಇಟಲಿಯಲ್ಲಿ ವಿನಾಚ್ಚಾ. ಅಲ್ಲಿ ಅದನ್ನೇ ಭಟ್ಟಿ ಇಳಿಸಿ ಗ್ರಾಪ್ಪ ಅನ್ನೋ ಸಾರಾಯಿ ಮಾಡುತ್ತಾರೆ. ನಮಗೆ ಏನು?

ನಿಘಂಟಿನವರ ದಾರಿ ಹಿಡಿದರೆ 'ದ್ರಾಕ್ಷಾ ತ್ಯಾಜ್ಯ'. ನನಗೆ ಹಿಡಿಸಲಿಲ್ಲ. ಮಂಡ್ಯದ ಆಲೆಮನೆಯಲ್ಲಿ ಗಾಣದಿಂದ ಆಚೆ ಬಂದ ಕಬ್ಬಿಗೆ ರಚ್ಚು ಅನ್ನುತ್ತೇವೆ, ಯಾರೂ ತ್ಯಾಜ್ಯ ಅನ್ನಲ್ಲ. ಅದನ್ನೇ ಒಣಗಿಸಿ ಒಲೆಗೆ ತುಂಬಿ ಕೊಪ್ಪರಿಗೆ ಕುದಿಸುವುದು, ರಚ್ಚಿಲ್ಲದಿದ್ದರೆ ಬೆಲ್ಲವೇ ಇಲ್ಲ. ಆದರೆ ರಚ್ಚು ಅಂದಾಗ ಕಣ್ಣಿಗೆ ಬರುವುದು ನಾರು. ದ್ರಾಕ್ಷಿಯದು ಒದ್ದೆ ಸಿಪ್ಪೆ, ಬೀಜದ ಮುದ್ದೆ.

ಹಿಪ್ಪೆ ಚೆನ್ನಾಗಿದೆ, ರಸ ಹಿಂಡಿ ತೆಗೆದ ಮೇಲಿನದು ಅನ್ನುವುದೇ ಅದರ ಅರ್ಥ. ತೊಡಕೂ ಅಲ್ಲೇ ಇದೆ. 'ಹಿಂಡಿ ಹಿಪ್ಪೆ ಮಾಡಿದರು' ಅಂದರೆ ಇನ್ನೇನೂ ಉಳಿದಿಲ್ಲ ಅಂತ ತಾನೆ? ಈ ಬರಹ ಹೇಳುವುದು ಪೂರ್ತಿ ಉಲ್ಟಾ. ಹಿಂಡಿದ ಮೇಲೂ ಬಣ್ಣದ ಆಂಥೋಸಯನಿನ್ ಸಿಪ್ಪೆಯಲ್ಲಿ, ಒಗರಿನ ಟ್ಯಾನಿನ್ ಬೀಜದಲ್ಲಿ ಬೇಕಾದಷ್ಟು ಉಳಿದಿರುತ್ತವೆ.

ಹಿಂಡಿ? ಕಡಲೆಕಾಯಿ ಹಿಂಡಿ, ಹುಚ್ಚೆಳ್ಳು ಹಿಂಡಿ ಇರುವಾಗ ದ್ರಾಕ್ಷಿ ಹಿಂಡಿ ಯಾಕಾಗಬಾರದು ಅಂತ ನಮ್ಮ ದೊಡ್ಡಮ್ಮನನ್ನು ಕೇಳಿದೆ. "ಹಸುಗೆ ಇಕ್ಕದಾ ಮಗ?" ಅಂದರು. ತಮಾಷೆ ಅಂದರೆ ವೈನಿನ ನಾಡುಗಳಲ್ಲಿ ಇದನ್ನು ದನಕ್ಕೂ ಹಾಕುತ್ತಾರೆ, ದೊಡ್ಡಮ್ಮ ತಪ್ಪೇನೂ ಹೇಳಲಿಲ್ಲ. ಆದರೂ ಒಂದು ಗೊಂದಲ ಇದೆ. ದ್ರಾಕ್ಷಿ ಬೀಜದಿಂದ ಎಣ್ಣೆಯನ್ನೂ ತೆಗೆಯುತ್ತಾರೆ, ಆಮೇಲೆ ಉಳಿಯುವುದು ನಿಜವಾದ ಹಿಂಡಿ. ಆಗ ಎರಡಕ್ಕೂ ಒಂದೇ ಹೆಸರಾಗುತ್ತೆ. ವೈನಿನ ಪೀಪಾಯಿ ತಳದಲ್ಲಿ ಕೂರುವುದು ಬೇರೆ, ಅದಕ್ಕೆ ಗಸಿ ಅಂದರೆ ಸಾಕು, ಚರ್ಚೆ ಬೇಡ.

ಎರಡನೇ ತಲೆನೋವು ಆಂಟಿಆಕ್ಸಿಡೆಂಟ್, ಮೇಲೆ ಹೇಳಿದ ಆಂಥೋಸಯನಿನ್, ಟ್ಯಾನಿನ್ ಎರಡೂ ಈ ಗುಂಪಿನವೇ. ಪಠ್ಯಪುಸ್ತಕದಲ್ಲಿ ಉತ್ಕರ್ಷಣ ನಿರೋಧಕ. ಉತ್ಕರ್ಷ ಅಂದರೆ ಏಳಿಗೆ ಅಂತ ಗೊತ್ತಿರುವವರು ಏಳಿಗೆಗೆ ಅಡ್ಡ ಬರುವ ಔಷಧಿ ಅಂದುಕೊಂಡರೆ ಅವರ ತಪ್ಪಲ್ಲ. ಹಳೇ ಕೊಬ್ಬರಿ, ಹಳೇ ಎಣ್ಣೆ ಕಮಟು ಹಿಡಿಯುತ್ತಲ್ಲ, ಹೆಚ್ಚಾಗಿ ಅದು ಗಾಳಿಯ ಆಮ್ಲಜನಕ ಕೊಬ್ಬಿನ ಜೊತೆ ಸೇರಿ ಆಗುವ ಕೆಲಸ. ಅದನ್ನು ತಡೆಯುವುದು 'ಕಮಟುತಡೆ'. ಸುಮ್ನೆ ಹೇಳಿದೆ, ಬರಹದಲ್ಲಿ ಹಾಕುವ ಧೈರ್ಯ ಇಲ್ಲ. ಆಂಟಿಆಕ್ಸಿಡೆಂಟ್ ಅಂತಲೇ ಬಿಟ್ಟು, ಒಂದು ಸಲ ಕಮಟಿನ ಉದಾಹರಣೆ ಕೊಡುತ್ತೇನೆ.

ಮೂರನೆಯದಕ್ಕೆ ನಗು ಬಂತು. ಸಾರವನ್ನು ಹಾಗೇ ಹಚ್ಚಿದರೆ ಎಂಜಲಲ್ಲಿ ತೊಳೆದುಹೋಗುತ್ತೆ, ಒಳಗೂ ಸರಿಯಾಗಿ ಇಳಿಯಲ್ಲ. ಅದಕ್ಕೆ ಲೆಸಿಥಿನ್ ಥರದ ಕೊಬ್ಬಿನ ಪದರದಿಂದ ಮಾಡಿದ, ಕಣ್ಣಿಗೆ ಕಾಣದಷ್ಟು ಸಣ್ಣ ಲೈಪೊಸೋಮುಗಳೊಳಗೆ ತುಂಬುತ್ತಾರೆ. 1960ರ ದಶಕದಲ್ಲಿ ಬ್ರಿಟನ್ನಿನ ಅಲೆಕ್ ಬ್ಯಾಂಗಮ್ ತೋರಿಸಿಕೊಟ್ಟ ರಚನೆ ಇದು. ನಾನು ಮೊದಲು 'ಗುಳ್ಳೆ' ಅಂತ ಬರೆದಿದ್ದೆ. ಓದಿ ನೋಡಿದರೆ ಬಾಯಿಯ ಗುಳ್ಳೆಗೆ ಕೊಬ್ಬಿನ ಗುಳ್ಳೆ ಹಚ್ಚಿ ಅಂತ ಆಗಿತ್ತು! ಈಗ 'ಪೊಟ್ಟಣ' ಮಾಡಿದ್ದೇನೆ. ಪರವಾಗಿಲ್ವಾ?

ಬಾಯಿ ಹುಣ್ಣಿಗೆ ಮಾತ್ರ ಕನ್ನಡ ನನ್ನ ಕೈಬಿಡಲಿಲ್ಲ. ಮೈಸೂರು ಕಡೆ ಮೈ ಉಷ್ಣವಾಗಿ 'ಬಾಯಿ ಬೆಂದುಹೋಗಿದೆ' ಅನ್ನುತ್ತೇವೆ, ಗಣಿಕೆ ಸೊಪ್ಪಿನ ತಂಬುಳಿ ಮಾಡುತ್ತೇವೆ. ಡಾಕ್ಟರು ಹೇಳುವ ಆಫ್ತಾ ಗ್ರೀಕ್ ಪದ, ಅದಕ್ಕೂ ಬೆಂಕಿ ಹಚ್ಚು ಅನ್ನುವ ಮಾತಿಗೂ ನಂಟು ಹೇಳುತ್ತಾರೆ. ಅವರಿಗೂ ಬಾಯಿ ಬೆಂದಿತ್ತು ಅಂತಾಯಿತು! ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡವರ ಬಾಯಿ ಆಗುವ ಪಾಡಿಗಂತೂ ಹುಣ್ಣು ಸಾಲದು, ಬೇಯುವುದೇ ಸರಿ. ಆದರೆ 'ಈ ಸಾರ ಹುಣ್ಣನ್ನು ವಾಸಿ ಮಾಡುತ್ತದೆ' ಅಂತ ಬರೆಯಲ್ಲ. ಸಾಮಾನ್ಯ ಸಣ್ಣ ಹುಣ್ಣು ಒಂದೆರಡು ವಾರದಲ್ಲಿ ತಾನೇ ಮಾಯುತ್ತೆ. ಲ್ಯಾಬಿನಲ್ಲಿ ಜೀವಕೋಶಗಳ ಮೇಲೆ ನೋಡಿದ್ದನ್ನು ಮನುಷ್ಯರ ಬಾಯಿಗೆ ತಂದು ಹೇಳುವುದು ಆತುರ.

ನನ್ನ ಕೈ ಈಗ 'ದ್ರಾಕ್ಷಿ ಹಿಪ್ಪೆ' ಕಡೆಗೇ ವಾಲುತ್ತಿದೆ, ಹಿಪ್ಪೆಯಲ್ಲೂ ಸಾರ ಇದೆ ಅನ್ನುವುದೇ ಸುದ್ದಿಯಲ್ವಾ ಅಂತ. ಕೊನೆಗೆ ಒಂದು ಕೇಳಿಕೆ. ನಮ್ಮಲ್ಲಿ ವೈನ್ ನೀತಿ ಬಂದದ್ದು 2007ರಲ್ಲಿ. ಇಷ್ಟು ವರ್ಷದಲ್ಲಿ ಚಿಕ್ಕಬಳ್ಳಾಪುರ, ವಿಜಯಪುರದ ಕಡೆ ದ್ರಾಕ್ಷಿ ಹಿಂಡುವ ಕೆಲಸದವರು ಇದಕ್ಕೆ ಒಂದು ಹೆಸರು ಇಟ್ಟಿರಲೇಬೇಕು. ಆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಕೇಳಿ ಹೇಳಿ. ಅವರ ಬಾಯಲ್ಲಿ ಇರುವುದು ಬೇರೆ ಪದವಾದರೆ ನನ್ನ ಹಿಪ್ಪೆ ತೆಗೆದು ಅದನ್ನೇ ಹಾಕುತ್ತೇನೆ.