9ನೇ ಕ್ಲಾಸಿಗೆ ದ್ರವ್ಯ, ಧಾತು, ಸಂಯುಕ್ತ, ಮಿಶ್ರಣ ಹೇಗೆ ಶುರು ಮಾಡೋದು? ಒಂದು ಉತ್ತರ ನೋಡಿ ತಲೆ ಕೆಟ್ಟಿದೆ

ಸೀಮೆಸುಣ್ಣದ_ಕೈ:

ಎಲ್ರಿಗೂ ನಮಸ್ಕಾರ. ಈ ಜೂನ್‌ನಿಂದ ಹಾಸನದ ಕಡೆ ಒಂದು ಸರ್ಕಾರಿ ಹೈಸ್ಕೂಲಲ್ಲಿ ಅತಿಥಿ ಶಿಕ್ಷಕಿ ಆಗಿ ಸೇರಿದೀನಿ, ಕನ್ನಡ ಮೀಡಿಯಂ, 8 ಮತ್ತು 9ಕ್ಕೆ ಸೈನ್ಸ್. ನಾನು ಬಿಎಸ್ಸಿ ಓದಿದ್ದೆಲ್ಲಾ ಇಂಗ್ಲಿಷಲ್ಲೇ, ಹಾಗಾಗಿ ಮ್ಯಾಟರ್ ಎಲಿಮೆಂಟ್ ಕಾಂಪೌಂಡ್ ಅಂತ ಬಾಯಿಗೆ ಬಂದಿದ್ದನ್ನ ನುಂಗ್ಕೊಂಡು ದ್ರವ್ಯ ಧಾತು ಸಂಯುಕ್ತ ಅನ್ನೋಷ್ಟರಲ್ಲಿ ಅರ್ಧ ಪೀರಿಯಡ್ ಹೋಗಿರತ್ತೆ.

ಮೊನ್ನೆ ಒಂದು ಸಣ್ಣ ಟೆಸ್ಟ್ ಕೊಟ್ಟಿದ್ದೆ. ಧಾತು, ಸಂಯುಕ್ತ, ಮಿಶ್ರಣ ಒಂದೊಂದಕ್ಕೂ ಉದಾಹರಣೆ ಕೊಟ್ಟು ವಿವರಿಸಿ, ಮೂರು ಮಾರ್ಕ್ಸು. (ಒಂದೇ ಥರದ ಪರಮಾಣು ಇದ್ರೆ ಧಾತು, ಬೇರೆ ಬೇರೆ ಧಾತು ರಾಸಾಯನಿಕವಾಗಿ ಕೂಡಿದ್ರೆ ಸಂಯುಕ್ತ, ಕೂಡದೆ ಬರೀ ಬೆರೆತಿದ್ರೆ ಮಿಶ್ರಣ.) ಜಾಸ್ತಿ ಜನ ಬಾಯಿಪಾಠ ಬರ್ದಿದಾರೆ. ಒಬ್ಳು ಹುಡುಗಿ, ಚೆನ್ನಾಗೇ ಓದೋಳು, ಹೀಗೆ ಬರ್ದಿದಾಳೆ: "ಐಸ್ ಧಾತು. ಅದು ಕರಗಿದರೆ ನೀರು, ಅದು ಸಂಯುಕ್ತ. ನೀರು ಕಾಯಿಸಿದರೆ ಆವಿ, ಅದು ಗಾಳಿಯಲ್ಲಿ ಸೇರುವುದರಿಂದ ಮಿಶ್ರಣ."

ನಾನು ಪೂರ್ತಿ ಅಡ್ಡಗೆರೆ ಎಳೆದು ಸೊನ್ನೆ ಹಾಕ್ದೆ. ಪೇಪರ್ ಕೊಟ್ಟಾಗ ಬಂದು "ಯಾವ್ದು ತಪ್ಪು ಮಿಸ್?" ಅಂದ್ಳು. "ನೀರು ಸಂಯುಕ್ತ ಅಂತ ನೀವೇ ಹೇಳಿದ್ರಲ್ಲ" ಅಂತಾನೂ ಅಂದ್ಳು. ಸತ್ಯ ಹೇಳ್ತೀನಿ, ಒಂದೇ ಮಾತಲ್ಲಿ ಉತ್ತರ ಹೇಳೋಕೆ ನನಗೆ ಬರ್ಲಿಲ್ಲ, ಅಷ್ಟರಲ್ಲಿ ಬೆಲ್ ಆಯ್ತು, ಬದುಕಿದೆ.

ಇದರ ಜೊತೆಗೆ ದ್ರವ್ಯ (ತೂಕ ಇದ್ದು ಜಾಗ ಹಿಡಿಯೋದೆಲ್ಲಾ) ಮತ್ತು ದ್ರವ ಗೊಂದಲ ಬೇರೆ, ಅರ್ಧ ಕ್ಲಾಸ್ "ದ್ರವ್ಯಕ್ಕೆ ಉದಾಹರಣೆ ನೀರು ಎಣ್ಣೆ ಹಾಲು" ಅಂತ ಬರೀತಾರೆ, ತಪ್ಪು ಅಂತ ಹೊಡೆಯೋಕೂ ಆಗಲ್ಲ ಯಾಕಂದ್ರೆ ಅವೆಲ್ಲಾ ದ್ರವ್ಯಾನೇ!! ಹಳೇ ಟೀಚರ್ಸ್ ಯಾರಾದ್ರೂ ಇದ್ರೆ ಹೇಳಿ, ನೀವು ಈ ಪಾಠ ಎಲ್ಲಿಂದ ಶುರು ಮಾಡ್ತೀರಾ?

ರಿಟೈರ್ಡ್_ಮೇಷ್ಟ್ರು:

ಮೇಡಂ, ಆ ಹುಡುಗಿಗೆ ಸೊನ್ನೆ ಹಾಕಬೇಡಿ. ಅವಳು ತಪ್ಪು ಬರ್ದಿರೋದು ನಿಜ, ಆದ್ರೆ ಆ ತಪ್ಪನ್ನ ಕಲಿಸಿರೋದು ನಾವೇ. ನಾನೂ ಸುಮಾರು ವರ್ಷ ಅದೇ ಕೆಲಸ ಮಾಡಿದೀನಿ.

ನೀವು ಬೋರ್ಡ್ ಮೇಲೆ ಧಾತುವಿಗೆ ಏನು ಉದಾಹರಣೆ ಬರೀತೀರಾ? ಕಬ್ಬಿಣ, ತಾಮ್ರ, ಚಿನ್ನ. ಸಂಯುಕ್ತಕ್ಕೆ? ಮೊದಲು ನೀರು. ಮಿಶ್ರಣಕ್ಕೆ? ಗಾಳಿ. ಈಗ ಮಗುವಿನ ಕಣ್ಣಲ್ಲಿ ನೋಡಿ. ಹಿಂದಿನ ಪಾಠದಲ್ಲಿ ಘನ ದ್ರವ ಅನಿಲ ಅಂತ ಮೂರು ಬಂತು, ಈ ಪಾಠದಲ್ಲಿ ಧಾತು ಸಂಯುಕ್ತ ಮಿಶ್ರಣ ಅಂತ ಮೂರು ಬಂತು, ಕಬ್ಬಿಣ ಘನ, ನೀರು ದ್ರವ, ಗಾಳಿ ಅನಿಲ, ಲೆಕ್ಕ ಸರಿಯಾಗಿ ಕೂತ್ಕೊಂಡ್ಬಿಡ್ತು! ಅವಳು ಬಾಯಿಪಾಠ ಮಾಡದೆ ಯೋಚನೆ ಮಾಡಿದಾಳೆ, ಅದಕ್ಕೇ ಸಿಕ್ಕಿಹಾಕ್ಕೊಂಡಿದಾಳೆ. ಬಾಯಿಪಾಠ ಮಾಡಿದೋರ ತಲೇಲೂ ಇದೇ ಇರತ್ತೆ, ಹೊರಗೆ ಬರಲ್ಲ ಅಷ್ಟೇ.

ನಾನು ಆಮೇಲೆ ಮಾಡ್ತಿದ್ದಿದ್ದು ಒಂಬತ್ತು ಮನೆ ಆಟ. ನೆಲದ ಮೇಲೆ ಕುಂಟೆಬಿಲ್ಲೆ ಥರ ಮನೆ ಬರೆಯೋದು, ಮೂರು ಸಾಲು ಮೂರು ಕಾಲಂ. ಸಾಲಿಗೆ ಧಾತು, ಸಂಯುಕ್ತ, ಮಿಶ್ರಣ. ಕಾಲಂಗೆ ಘನ, ದ್ರವ, ಅನಿಲ. ಪ್ರತಿ ಮನೆಗೂ ಒಂದು ವಸ್ತು ಹುಡುಕ್ಕೊಂಡು ಬರಬೇಕು. ಧಾತು ಸಾಲಲ್ಲಿ ತಾಮ್ರದ ತಂತಿ, ಪಾದರಸ, ಆಮ್ಲಜನಕ. ಸಂಯುಕ್ತದ ಸಾಲಲ್ಲಿ ಸಕ್ಕರೆ, ನೀರು, ಸೋಡಾ ಬಾಟಲಿಯ ಗುಳ್ಳೆ ಅಂದ್ರೆ ಕಾರ್ಬನ್ ಡೈಆಕ್ಸೈಡ್. ಮಿಶ್ರಣದಲ್ಲಿ ಹಿತ್ತಾಳೆ ಚೊಂಬು (ತಾಮ್ರ ಪ್ಲಸ್ ಸತು), ಪಾನಕ, ಗಾಳಿ. ಒಂಬತ್ತೂ ತುಂಬಿದ ಮೇಲೆ ಅದು ಬೇರೆ ಲೆಕ್ಕ, ಇದು ಬೇರೆ ಲೆಕ್ಕ ಅಂತ ನೀವು ಬಾಯಿಬಿಟ್ಟು ಹೇಳೋದೇ ಬೇಡ.

ಕರಗೋದು ಕುದಿಯೋದು ಅಂದ್ರೆ ಅದೇ ಸಾಲಲ್ಲಿ ಪಕ್ಕದ ಮನೆಗೆ ಹೋಗೋದು. ಐಸಲ್ಲಿರೋದೂ ಅದೇ ಅಣು, ಆವಿಯಲ್ಲಿರೋದೂ ಅದೇ ಅಣು. ಇಡ್ಲಿ ಪಾತ್ರೆ ಮುಚ್ಚಳದ ಒಳಗಡೆ ತೊಟ್ಟಿಕ್ಕತ್ತಲ್ಲ, ಅದನ್ನೇ ತೋರ್ಸಿ. ನೀರಿನ ಸಾಲು ಬಿಟ್ಟು ಮೇಲಿನ ಸಾಲಿಗೆ ಹೋಗ್ಬೇಕು ಅಂದ್ರೆ ಬೆಂಕಿ ಸಾಕಾಗಲ್ಲ, ಕರೆಂಟ್ ಹಾಯಿಸಿ ಹೈಡ್ರೋಜನ್ ಆಕ್ಸಿಜನ್ ಬೇರೆ ಮಾಡ್ಬೇಕು.

ಅಂದಹಾಗೆ ಅವಳ ಮೂರನೇ ವಾಕ್ಯ ಪೂರ್ತಿ ತಪ್ಪಲ್ಲ. ಆವಿ ಸಂಯುಕ್ತಾನೇ, ಆದ್ರೆ ಗಾಳಿಯಲ್ಲಿ ಸೇರಿದ ಮೇಲೆ ಆ ಗಾಳಿ ಮಿಶ್ರಣ ತಾನೇ? ಅರ್ಧ ಮಾರ್ಕಾದ್ರೂ ಕೊಡಿ.

ಬಿಸಿಲೂರಿನ_ಮಾಸ್ತರ:

ನಮಸ್ಕಾರ್ರಿ ಮೇಡಂ. ನಮ್ಮದು ರಾಯಚೂರ ಕಡೆ. ಮೇಷ್ಟ್ರು ಹೇಳಿದ್ದು ಖರೇ ಐತ್ರಿ, ಆದ್ರ ನನ್ನ ಕೇಳಿದ್ರ ಮೊದ್ಲು ಮಾತಿನ ಜಗಳ ಬಗೆಹರಿಸ್ಬೇಕ್ರಿ. ನಮ್ಮ ಹುಡುಗ್ರಿಗೆ "ದ್ರವ್ಯ" ಅಂದ್ರ ಕೇಳಿ ಗೊತ್ತಿರೋದು ಸುಗಂಧ ದ್ರವ್ಯ, ಮಾದಕ ದ್ರವ್ಯ. ಸುಗಂಧ ದ್ರವ್ಯ ಬಾಟ್ಲಿಯೊಳಗ ನೀರಿನಂಗ ಇರ್ತದ, ಮತ್ತ ಅವ್ರು ದ್ರವ್ಯ ಅಂದ್ರ ದ್ರವ ಅಂತ ತಿಳ್ಕೊಂಡ್ರ ಯಾರದು ತಪ್ಪು? ಇನ್ನ "ಧಾತು" ಅಂತೂ ಕೇಳಬ್ಯಾಡ್ರಿ, ಹಿಂದಿನ ಪೀರಿಯಡ್‌ನ್ಯಾಗ ಕನ್ನಡ ಮಾಸ್ತರ ಬಂದು ಕ್ರಿಯಾಪದದ ಮೂಲರೂಪ ಧಾತು, ಮಾಡು ಹೋಗು ತಿನ್ನು ಅಂತ ಹೇಳಿ ಹೋಗಿರ್ತಾರ, ಅದರ ಹಿಂದ ನಾವು ಹೋಗಿ ಕಬ್ಬಿಣ ಧಾತು ಅಂತೀವಿ. ನಮ್ಮ ಕಾಲದಾಗ ಮೂಲವಸ್ತು ಅಂತಿದ್ರು, ಅದs ಛಲೋ ಇತ್ತು, ಅದರ ಅರ್ಥ ಅದರಾಗs ಇತ್ತು. ನಾನು ಈಗೂ ಮೊದಲ ವಾರ ಮೂಲವಸ್ತು ಅಂತs ಹೇಳಿ ಆಮ್ಯಾಲ ಪುಸ್ತಕದ ಶಬ್ದಕ್ಕ ಬರ್ತೀನ್ರಿ.

"ಶುದ್ಧ" ಅನ್ನೋದೂ ಹಂಗs, ಪಾಠದಾಗ ಒಂದs ಧಾತು ಇಲ್ಲಾ ಒಂದs ಸಂಯುಕ್ತ ಇದ್ರಷ್ಟs ಶುದ್ಧ, ಹಾಲು ಮಿಶ್ರಣ. ಒಬ್ಬ ಹುಡುಗ ಎದ್ದು ನಿಂತು, ಸರ್ ನಮ್ಮ ಎಮ್ಮಿ ಹಾಲಿಗೆ ಒಂದು ಹನಿ ನೀರೂ ಹಾಕಂಗಿಲ್ಲ, ನೀವು ಹ್ಯಾಂಗ ಶುದ್ಧ ಅಲ್ಲ ಅಂತೀರಿ ಅಂತ ಸಿಟ್ಟಿಗೆದ್ದಿದ್ದ! ಅವನ ಮನಿ ಮರ್ಯಾದಿ ಪ್ರಶ್ನೆ ಅದು. ಅದಕ್ಕ ಈಗ ನಾನು ಬಂಗಾರದಿಂದ ಶುರು ಮಾಡ್ತೀನ್ರಿ, ನಮ್ಮ ಜಿಲ್ಲೆದಾಗs ಹಟ್ಟಿ ಗಣಿ ಐತಿ, ಬಂಗಾರ ಅಂದ್ರ ಎಲ್ಲಾರೂ ಕಿವಿ ನಿಗುರಿಸ್ತಾರ. ಒಡವಿ ಮ್ಯಾಲ 916 ಅಂತ ಇರ್ತದಲ್ರಿ, ಅಂದ್ರ ಸಾವಿರಕ್ಕ 916 ಪಾಲು ಬಂಗಾರ, ಉಳಿದ 84 ತಾಮ್ರ ಬೆಳ್ಳಿ ಅಂಥವು, ಅದs 22 ಕ್ಯಾರೆಟ್. ಅಂಗಡ್ಯಾವ ಮೋಸ ಮಾಡಿಲ್ಲ, ಒಡವಿ ಗಟ್ಟಿ ಆಗ್ಲಿ ಅಂತ ಬೆರಸ್ತಾರ. ಅಂದ್ರ ವ್ಯವಹಾರದಾಗ ಅಸ್ಸಲ್ ಮಾಲು, ರಸಾಯನಶಾಸ್ತ್ರದಾಗ ಮಿಶ್ರಣ. ಇದು ತಿಳಿದ ಮ್ಯಾಲ ಎಮ್ಮಿ ಹಾಲಿನ ಹುಡುಗ ತಾನs ಕುಂತ.

ಎರಡು_ಮಕ್ಕಳ_ಅಪ್ಪ:

ನಾನು ಟೀಚರ್ ಅಲ್ಲ. ಆದ್ರೆ ಮಗನಿಗೆ ಗಾಳಿಗೂ ತೂಕ ಇದೆ ಅಂತ ತೋರಿಸೋಕೆ ಸ್ಕೇಲ್ ಎರಡೂ ಕಡೆ ಬಲೂನ್ ಕಟ್ಟಿ ಒಂದನ್ನ ಚುಚ್ಚಿದ್ವಿ, ಆ ಕಡೆ ಮೇಲೆ ಹೋಯ್ತು, ಅವನಿಗೆ ಖುಷಿಯೋ ಖುಷಿ. ಅದನ್ನ ಟ್ರೈ ಮಾಡಿ ಮೇಡಂ, ಖರ್ಚಿಲ್ಲ.

ಲ್ಯಾಬ್_ಕೋಟು:

ಬಲೂನ್ ಪ್ರಯೋಗ ಅಷ್ಟು ಸರಿ ಇಲ್ಲ ಸಾರ್, ಬೇಜಾರು ಮಾಡ್ಕೋಬೇಡಿ. ಬಲೂನ್ ಒಳಗಿನ ಗಾಳಿಯನ್ನ ಹೊರಗಿನ ಗಾಳಿ ಮೇಲಕ್ಕೆ ಎತ್ತುತ್ತೆ, ಹಾಗಾಗಿ ತೂಕದ ಬಹುಪಾಲು ಅಲ್ಲೇ ವಜಾ ಆಗ್ಬಿಡತ್ತೆ, ಸ್ವಲ್ಪ ಒತ್ತಿ ತುಂಬಿರೋದಕ್ಕೆ ಮಾತ್ರ ವ್ಯತ್ಯಾಸ ಕಾಣ್ಸತ್ತೆ, ಚುಚ್ಚಿದಾಗ ರಬ್ಬರ್ ಚೂರು ಹಾರಿ ಹೋದ್ರೆ ಅದೂ ಲೆಕ್ಕ ಕೆಡಿಸತ್ತೆ. ಇದಕ್ಕಿಂತ ಫುಟ್ಬಾಲ್ ವಾಸಿ. ಆಕಾರ ಹಿಡಿಯೋಷ್ಟು ಮಾತ್ರ ಗಾಳಿ ಇದ್ದಾಗ ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲಿಟ್ಟು ತೂಕ ಬರ್ಕೊಳ್ಳಿ, ಆಮೇಲೆ ಪಂಪ್ ಹೊಡೆದು ಗಟ್ಟಿ ಮಾಡಿ ಮತ್ತೆ ಇಡಿ, ನಾಲ್ಕೈದು ಗ್ರಾಂ ಜಾಸ್ತಿ ತೋರಿಸತ್ತೆ. ಚೆಂಡು ಉರುಳದಂಗೆ ಕೆಳಗೊಂದು ಬಟ್ಟಲು ಇಟ್ಕೊಳ್ಳಿ.

ಇನ್ನೂ ಒಳ್ಳೇದು ಅಂದ್ರೆ ಗ್ಯಾಸ್ ಸಿಲಿಂಡರ್. ಬಿಸಿಯೂಟದ ಕೋಣೆಯಲ್ಲಿ ಇರತ್ತೆ, ಮನೇದಾದ್ರೆ ಒಳಗೆ 14.2 ಕೆಜಿ ಗ್ಯಾಸ್, ಖಾಲಿ ಸಿಲಿಂಡರ್ ತೂಕಾನೂ ಅದರ ಮೇಲೇ ಬರ್ದಿರತ್ತೆ. ಅಡುಗೆ ಅನಿಲಕ್ಕೆ ತೂಕ ಇದೆಯಾ ಅಂತ ಯಾರೂ ಕೇಳಲ್ಲ, ಎತ್ತಿದೋರಿಗೆ ಗೊತ್ತು! ಒತ್ತಡದಲ್ಲಿ ಒಳಗಿರೋದು ಹೆಚ್ಚುಕಮ್ಮಿ ದ್ರವ, ಪೈಪಲ್ಲಿ ಬರೋದು ಅನಿಲ, ಎರಡೂ ಪ್ರೊಪೇನ್ ಬ್ಯೂಟೇನ್‌ಗಳ ಮಿಶ್ರಣ. ಮೇಷ್ಟ್ರ ಒಂಬತ್ತು ಮನೇಲಿ ಒಂದೇ ಸಾಲು, ಎರಡು ಮನೆ. ವಾಸನೆ ಅದರದ್ದಲ್ಲ, ಲೀಕ್ ಆದ್ರೆ ಗೊತ್ತಾಗ್ಲಿ ಅಂತ ಬೇರೆ ಸೇರಿಸಿರ್ತಾರೆ. ದೂರದಿಂದ ತೋರಿಸಿ ಸಾಕು, ರೆಗ್ಯುಲೇಟರ್ ಮುಟ್ಟೋಕೆ ಬಿಡಬೇಡಿ.

ಮಿಶ್ರಣಕ್ಕೂ ಸಂಯುಕ್ತಕ್ಕೂ ವ್ಯತ್ಯಾಸಕ್ಕೆ ಕಬ್ಬಿಣದ ಪುಡಿ ಗಂಧಕದ ಪ್ರಯೋಗ ಪುಸ್ತಕದಲ್ಲೇ ಇದೆ, ಬರೀ ಬೆರೆಸಿದಾಗ ಕಬ್ಬಿಣ ಮ್ಯಾಗ್ನೆಟ್‌ಗೆ ಅಂಟತ್ತೆ, ಕಾಯಿಸಿ ಸಂಯುಕ್ತ ಆದ್ಮೇಲೆ ಅಂಟಲ್ಲ. ಒಂದು ಕಿವಿಮಾತು, ತೂಕದಲ್ಲಿ 7 ಪಾಲು ಕಬ್ಬಿಣಕ್ಕೆ 4 ಪಾಲು ಗಂಧಕ ಹಾಕಿ. ಕಬ್ಬಿಣ ಜಾಸ್ತಿ ಆದ್ರೆ ಕಾಯಿಸಿದ ಮೇಲೂ ಉಳಿದಿದ್ದು ಮ್ಯಾಗ್ನೆಟ್‌ಗೆ ಅಂಟ್ಕೊಳ್ಳತ್ತೆ, ಆಮೇಲೆ ಮಕ್ಕಳು "ಅಂಟ್ತು ಮಿಸ್" ಅಂತಾರೆ, ನಿಮ್ಮ ಪಾಠ ಅಲ್ಲಿಗೆ ಮುಗೀತು. ಕಾಯಿಸೋದು ಹೊರಗಡೆ, ನೀವೇ, ಆ ಹೊಗೆ ಕೆಮ್ಮು ತರ್ಸತ್ತೆ.

ಲ್ಯಾಬ್ ಇಲ್ವಾ? ಸೀಮೆಸುಣ್ಣ ಇದ್ಯಲ್ಲ. ಒಂದು ಬಿಳಿ ಕಡ್ಡಿ ತಗೊಂಡು ಬುಡದಿಂದ ಒಂದು ಬೆರಳಗಲ ಮೇಲೆ ನೀರಲ್ಲಿ ಕರಗೋ ಕಪ್ಪು ಸ್ಕೆಚ್ ಪೆನ್ನಲ್ಲಿ ಸುತ್ತ ಒಂದು ಗೆರೆ ಎಳೀರಿ, ತಟ್ಟೇಲಿ ಗೆರೆ ಮುಟ್ಟದಷ್ಟು ನೀರು ಹಾಕಿ ನಿಲ್ಸಿ. ನೀರು ಮೇಲಕ್ಕೆ ಹತ್ತತಾ ಕಪ್ಪು ಬಿಚ್ಕೊಳ್ಳತ್ತೆ, ಪೆನ್ ಕಂಪನಿ ಮೇಲೆ ನೀಲಿ, ಗುಲಾಬಿ, ಹಳದಿ ಹಿಂಗೆ ಬೇರೆ ಬೇರೆ ಪಟ್ಟಿ ಬರತ್ತೆ. ಒಂದೇ ಬಣ್ಣ ಅಂದ್ಕೊಂಡಿದ್ದು ಮಿಶ್ರಣ ಅಂತ ಆಗ ಅವ್ರೇ ಹೇಳ್ತಾರೆ.

ಆ ಹುಡುಗಿಗೆ ಇನ್ನೊಂದು ಹೇಳಿ. 1789ರಲ್ಲಿ ಫ್ರೆಂಚ್ ವಿಜ್ಞಾನಿ ಲೆವಾಸಿಯೆ ಮಾಡಿದ ಧಾತುಗಳ ಪಟ್ಟೀಲಿ 33 ಹೆಸರಿತ್ತು, ಅದರಲ್ಲಿ ಬೆಳಕೂ ಇತ್ತು, ಶಾಖವೂ ಇತ್ತು, ನಾವು ಎಲೆ ಅಡಿಕೆಗೆ ಹಚ್ಚೋ ಸುಣ್ಣ ಇದ್ಯಲ್ಲ, ಅದನ್ನ ಮಾಡೋ ಸುಟ್ಟ ಸುಣ್ಣವೂ ಇತ್ತು! ಅದನ್ನ ಒಡೆಯೋ ದಾರಿ ಅವನ ಕಾಲದಲ್ಲಿ ಇರ್ಲಿಲ್ಲ. 1808ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಡೇವಿ ಕರೆಂಟ್ ಬಳಸಿ ಸುಣ್ಣದಿಂದ ಕ್ಯಾಲ್ಸಿಯಂ ಹೊರಗೆ ತೆಗೆದ ಮೇಲೆ ಅದು ಸಂಯುಕ್ತ ಅಂತ ಖಾತ್ರಿ ಆಗಿದ್ದು.

ಸೀಮೆಸುಣ್ಣದ_ಕೈ (ಐದು ದಿನ ಆದ್ಮೇಲೆ):

ಎಲ್ರಿಗೂ ಥ್ಯಾಂಕ್ಸ್. ಸಾರಿ, ಲೇಟಾಯ್ತು. ಶನಿವಾರ ವರಾಂಡದಲ್ಲಿ ಒಂಬತ್ತು ಮನೆ ಬರೆದ್ವಿ. ಮುಂಚಿನ ದಿನಾನೇ ಮನೆಯಿಂದ ಏನಾದ್ರೂ ತನ್ನಿ ಅಂದಿದ್ದೆ, ಹಿತ್ತಾಳೆ ಗಂಟೆ, ಕಲ್ಲುಪ್ಪು, ಮಜ್ಜಿಗೆ, ಒಬ್ಬ ಅಂತೂ ಅವರಪ್ಪನ ಬೈಕಿನ ಹಳೇ ಸ್ಪಾರ್ಕ್ ಪ್ಲಗ್ ತಂದಿದ್ದ. ಅನಿಲದ ಕಾಲಂಗೆ ಚೀಟಿ ಬರೆದಿಟ್ವಿ. ದ್ರವ ಧಾತುವಿನ ಮನೆ ತುಂಬಾ ಹೊತ್ತು ಖಾಲಿ ಇತ್ತು, ಕೊನೆಗೆ ಲ್ಯಾಬ್ ಬೀರುವಿಂದ ಹಳೇ ಪಾದರಸದ ಥರ್ಮಾಮೀಟರ್ ತಂದು ನಾನೇ ಕೈಯಲ್ಲಿ ಹಿಡ್ಕೊಂಡು ತೋರ್ಸಿದೆ, ನೆಲಕ್ಕೆ ಇಡೋ ಧೈರ್ಯ ಬರ್ಲಿಲ್ಲ.

ಮಜ್ಜಿಗೆ ದ್ರವ ಮಿಶ್ರಣ ಅಂತ ಒಪ್ಕೊಂಡ್ರು, ಮೊಸರಿಗೆ ಮಾತ್ರ ದೊಡ್ಡ ಜಗಳ, ಗಟ್ಟಿ ಮೊಸರು ಘನಾನಾ ದ್ರವಾನಾ ಅಂತ. ಗೆರೆ ಮೇಲೇ ಇಟ್ಬಿಟ್ವಿ. ಕಲಿಲದ (ಕೊಲಾಯ್ಡ್, ಅಂದ್ರೆ ಸಣ್ಣ ಕಣಗಳು ಕರಗದೆ ಹರಡಿರೋ ಮಿಶ್ರಣ) ಪಾಠ ಬಂದಾಗ ನೋಡ್ಕೊಳ್ಳೋಣ ಅಂತ ಹೇಳಿದೀನಿ, ಅಷ್ಟರಲ್ಲಿ ನಾನೂ ಓದ್ಕೋಬೇಕು.

ಐಸ್ ಹುಡುಗಿ ಪಕ್ಕದ ಬೇಕರಿಯಿಂದ ಒಂದು ತುಂಡು ಐಸ್ ತಂದು ಸರಿಯಾಗಿ ಸಂಯುಕ್ತದ ಸಾಲು, ಘನದ ಮನೇಲೇ ಇಟ್ಳು. ಇನ್ನೇನು ಅದು ಕರಗಿ ಪಕ್ಕದ ದ್ರವದ ಮನೆಗೆ ಹರಿಯತ್ತೆ, ಮೇಷ್ಟ್ರು ಹೇಳಿದಂಗೇ ಆಗತ್ತೆ ಅಂತ ನಾನು ಕಾಯ್ತಾ ಇದ್ರೆ, ನಮ್ಮ ವರಾಂಡ ಅಂಗಳದ ಕಡೆ ಇಳಿಜಾರು, ನೀರು ಸೀದಾ ಕೆಳಗಿನ ಮಿಶ್ರಣದ ಸಾಲಿಗೆ ಹೋಯ್ತು. ಹುಡುಗರೆಲ್ಲಾ "ತಪ್ಪು ತಪ್ಪು" ಅಂತ ಕೂಗಿದ್ರು. ಇವಳು ಬಗ್ಗಿ ನೋಡಿ, "ಸೀಮೆಸುಣ್ಣ ಅಳಿಸ್ಕೊಂಡು ಹೋಗಿದೆ ಮಿಸ್, ನೋಡಿ ಬೆಳ್ಳಗಾಗಿದೆ, ಈಗ ಮಿಶ್ರಣಾನೇ" ಅಂದ್ಳು.

ಹಳೇ ಪೇಪರ್ ವಾಪಸ್ ಇಸ್ಕೊಂಡು ಒಂದೂವರೆ ಹಾಕಿದೀನಿ.