ರಿಲೇಯ ‘ಮುಚ್ಚಿದ’ ಪಿನ್ನಿಗೆ ಕನ್ನಡದಲ್ಲಿ ಏನೆನ್ನಬೇಕು?

ಬಳ್ಳಾರಿಯಿಂದ, ಪ್ರಶ್ನೆ

ಬಲ್ಲವರೆಲ್ಲರಿಗೂ ನಮಸ್ಕಾರ.

ನಾಳೆ ಸಂಜೆಯ ಹೊತ್ತಿಗೆ ಒಂದು ಎಚ್ಚರಿಕೆಯ ಫಲಕವೂ ಒಂದು ಪುಟದ ಸೂಚನೆಯೂ ಅಚ್ಚಿಗೆ ಹೋಗಬೇಕಾಗಿದೆ. ಅದಕ್ಕೆ ಮುಂಚೆ ನನಗೆ ಒಂದು ಜೋಡಿ ಪದ ಬೇಕು. ನಮ್ಮೂರಿನ ಗ್ಯಾರೇಜೊಂದರಲ್ಲಿ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ಮೊದಲಿದ್ದುದಕ್ಕಿಂತ ದೊಡ್ಡ ಎಂಜಿನ್ ಕೂರಿಸಿದ್ದಾರೆ. ಬೆಲ್ಟಿನಿಂದ ತಿರುಗುತ್ತಿದ್ದ ಫ್ಯಾನಿಗೆ ಜಾಗ ಸಾಲದ್ದರಿಂದ ಅದನ್ನು ತೆಗೆದು, ರೇಡಿಯೇಟರಿಗೆ ಎರಡು ಎಲೆಕ್ಟ್ರಿಕ್ ಫ್ಯಾನುಗಳನ್ನು ಜೋಡಿಸಿದ್ದಾರೆ. ಒಂದೊಂದು ಫ್ಯಾನು ತಿರುಗುವಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಅಷ್ಟು ಕರೆಂಟನ್ನು ರೇಡಿಯೇಟರಿನ ಬಿಸಿ ತಿಳಿಯುವ ಸಣ್ಣ ಸ್ವಿಚ್ಚಿನ ಮೂಲಕವೇ ಹಾಯಿಸಿದರೆ ಅದರ ಪಾಯಿಂಟುಗಳು ಸುಟ್ಟು ಅಂಟಿಕೊಂಡಾವು ಎಂಬ ಕಾರಣಕ್ಕೆ ನಡುವೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ, ನಿಲ್ಲಿಸುವ ಸಾಧನ, ಇಟ್ಟಿದ್ದಾರೆ. ಸ್ವಿಚ್ಚು ಹೊರುವುದು ರಿಲೇಯ ಕಾಯಿಲಿಗೆ, ಅಂದರೆ ಅದರೊಳಗಿನ ತಂತಿಯ ಸುರುಳಿಗೆ, ಬೇಕಾದ 0.2 ಆಂಪಿಯರಿನಷ್ಟು ಕರೆಂಟನ್ನು ಮಾತ್ರ; 20 ಆಂಪಿಯರಿನ ಹೊರೆ ರಿಲೇಯದು.

ಈ ರಿಲೇಗೆ ಐದು ಪಿನ್ನುಗಳಿವೆ. ಕಾಯಿಲಿಗೆ ಕರೆಂಟ್ ಇಲ್ಲದಾಗ, ಬ್ಯಾಟರಿಯ ಕರೆಂಟ್ ಬರುವ 30ನೆಯ ಪಿನ್ನು 87ಎ ಪಿನ್ನಿಗೆ ತಾಗಿರುತ್ತದೆ. ಕರೆಂಟ್ ಬಂದಾಗ ಅದನ್ನು ಬಿಟ್ಟು 87ಕ್ಕೆ ತಾಗುತ್ತದೆ. ಮೂಲ ಇಂಗ್ಲಿಷ್ ಸೂಚನೆಯಲ್ಲಿ 87ಎ ‘ನಾರ್ಮಲಿ ಕ್ಲೋಸ್ಡ್’, 87 ‘ನಾರ್ಮಲಿ ಓಪನ್’. ನಾನು ಹಿಂದೆಮುಂದೆ ನೋಡದೆ ‘ಸಾಮಾನ್ಯವಾಗಿ ಮುಚ್ಚಿದ’, ‘ಸಾಮಾನ್ಯವಾಗಿ ತೆರೆದ’ ಎಂದು ಬರೆದು ಕರಡನ್ನು ಗ್ಯಾರೇಜಿಗೆ ಕೊಟ್ಟೆ. ಅದನ್ನೇ ಓದಿಕೊಂಡು ಹುಡುಗ ಫ್ಯಾನಿನ ವೈರನ್ನು 87ಎಗೆ ಸಿಕ್ಕಿಸಿದ. ಯಾಕೆಂದು ಕೇಳಿದರೆ, “ಮುಚ್ಚಿದ್ದು ಅಂದ್ರ ಬಂದ್ ಇರೋದು ಅಲ್ಲೇನ್ರೀ? ಬಿಸಿ ಆದಾಗ ಚಾಲೂ ಆಗತೈತಿ ಅಂತ ಅಲ್ಲಿಗೇ ಕೊಟ್ಟೆ” ಎಂದ. ಚಾವಿ ತೆಗೆದು ಶೆಟರ್ ಎಳೆದು ಹೋದ ಮೇಲೂ ಫ್ಯಾನುಗಳು ರಾತ್ರಿಯಿಡೀ ತಿರುಗಿ, ಬೆಳಿಗ್ಗೆ ಬ್ಯಾಟರಿ ಸತ್ತಿತ್ತು. ಬೇರೆ ಬ್ಯಾಟರಿಯಿಂದ ಕೇಬಲ್ ಕೊಟ್ಟು ಎಂಜಿನ್ ಚಾಲೂ ಮಾಡಿ ನಿಂತೆವು. ಮುಳ್ಳು 92 ಡಿಗ್ರಿ ಮುಟ್ಟುತ್ತಲೇ ರಿಲೇ ಟಕ್ ಎಂದಿತು, ಅಲ್ಲಿಯವರೆಗೆ ತಿರುಗುತ್ತಿದ್ದ ಎರಡೂ ಫ್ಯಾನುಗಳು ನಿಂತುಬಿಟ್ಟವು. ತಣ್ಣಗಿದ್ದಾಗ ತಿರುಗಿ, ಬಿಸಿಯಾದಾಗ ನಿಲ್ಲುವ ಫ್ಯಾನು! ಎಂಜಿನ್ನನ್ನು ಕೂಡಲೇ ಆರಿಸಿದ್ದರಿಂದ ಅನಾಹುತವಾಗಲಿಲ್ಲ. ಹುಡುಗನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ, ತಪ್ಪು ನನ್ನ ಪದದ್ದು.

ಅದೇ ಹಾಳೆಯ ಮೇಲ್ಭಾಗದಲ್ಲಿ ‘ಥರ್ಮೋಸ್ಟ್ಯಾಟ್ 82 ಡಿಗ್ರಿಗೆ ತೆರೆಯುತ್ತದೆ’ ಎಂಬ ವಾಕ್ಯವೂ ಇದೆ. ಅಲ್ಲಿ ತೆರೆದರೆ ನೀರು ಹರಿಯುತ್ತದೆ, ಇಲ್ಲಿ ತೆರೆದರೆ ಕರೆಂಟ್ ನಿಲ್ಲುತ್ತದೆ. ಒಂದೇ ಹಾಳೆಯಲ್ಲಿ ಒಂದೇ ಕ್ರಿಯಾಪದ ಎರಡು ವಿರುದ್ಧ ಕೆಲಸ ಮಾಡುತ್ತಿದೆ. ಈ ಜೋಡಿಗೆ ಏನು ಬರೆಯಲಿ? ರಿಲೇಗೂ ಒಂದು ಕನ್ನಡ ಪದವಿದ್ದರೆ ತಿಳಿಸಿ.

ರಾಯಚೂರಿನಿಂದ

‘ಮುಚ್ಚಿದ ಮಂಡಲ’, ‘ತೆರೆದ ಮಂಡಲ’ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅವು ಪಾರಿಭಾಷಿಕ ಪದಗಳು. ಗ್ಯಾರೇಜಿನ ಹುಡುಗನಿಗೆ ತಿಳಿಯದಿದ್ದರೆ ಹುಡುಗನಿಗೆ ಕಲಿಸಬೇಕು, ಪದವನ್ನು ಬದಲಿಸುವುದಲ್ಲ.

ನಿಜವಾದ ತೊಡಕು ‘ಮುಚ್ಚು’ ಎಂಬ ಕನ್ನಡ ಧಾತುವಿನಲ್ಲಿ ಇಲ್ಲ, ‘ಬಂದ್’ನಲ್ಲಿದೆ. ಅದು ಪಾರಸಿಯ ‘ಕಟ್ಟಿದ, ಮುಚ್ಚಿದ’ ಎಂಬ ಅರ್ಥದ ಪದ, ಸಂಸ್ಕೃತದ ‘ಬಂಧ’ಕ್ಕೆ ಒಡಹುಟ್ಟು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಜಿಲ್ಲೆಯಲ್ಲಿ ಉರ್ದುವಿನ ಮೂಲಕ ನೆಲೆಯಾಗಿ, ಅಂಗಡಿಯನ್ನೂ ದೀಪವನ್ನೂ ಫ್ಯಾನನ್ನೂ ಒಂದೇ ಮಾತಿನಲ್ಲಿ ‘ಬಂದ್’ ಮಾಡಿಸುತ್ತಿದೆ. ಬಂದ ಅತಿಥಿ ಮನೆಯವರ ಅರ್ಥವನ್ನೇ ತಿದ್ದುವುದನ್ನು ಒಪ್ಪುವುದಕ್ಕಾಗದು. ಹಾಗೆಯೇ ‘ಫ್ಯಾನು’ ಏಕೆ? ‘ಬೀಸು’ ಧಾತುವಿನಿಂದ ‘ಬೀಸಣಿಗೆ’ ಇದೆ. ಬರವಣಿಗೆ, ಮೆರವಣಿಗೆಗಳ ಸಾಲಿನಲ್ಲಿ ಸೊಗಸಾಗಿ ನಿಲ್ಲುವ ಪದ. ‘ಪಂಕ’ ಎಂದು ಮಾತ್ರ ಬರೆಯಬೇಡಿ, ಅದು ಕೆಸರು.

ಕೊಪ್ಪಳದಿಂದ

ಬೀಸಣಿಗೆಯ ಮೂಲ ಅಷ್ಟು ಸರಳವಲ್ಲ. ಹಳಗನ್ನಡದ ‘ಬಿಜ್ಜಣಿಗೆ’ಯನ್ನೂ ಸಂಸ್ಕೃತದ ‘ವ್ಯಜನ’ವನ್ನೂ ಮೊದಲು ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಬೇಕಿದ್ದರೆ ಅಪ್ಪಟ ದೇಸಿ ಎಂದು ಸಾರಬಹುದಿತ್ತು. ಆದರೆ ಪ್ರಶ್ನೆ ಅದಲ್ಲವಾದ್ದರಿಂದ ಬಿಡುತ್ತೇನೆ.

ರಾಯಚೂರಿನವರ ವಾದವನ್ನು ನಾನು ಒಪ್ಪುವುದಿಲ್ಲ. ‘ಬಂದ್’ ಎಂಬ ಪದವೇ ನಮ್ಮಲ್ಲಿಗೆ ಬರದಿದ್ದರೂ ಈ ಗೊಂದಲ ಇರುತ್ತಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಣ್ಣುವ ಸೀಮೆಯಲ್ಲಿ ತೂಬು ತೆರೆದರೆ ಗದ್ದೆಗೆ ನೀರು ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ನಲ್ಲಿಯೂ ಹಾಗೆಯೇ, ಬಾಗಿಲೂ ಹಾಗೆಯೇ. ತೆರೆದಲ್ಲಿ ಹಾದುಹೋಗುತ್ತದೆ, ಮುಚ್ಚಿದಲ್ಲಿ ತಡೆಯುತ್ತದೆ ಎಂಬುದು ಕನ್ನಡದ ಸಹಜಾರ್ಥ. ಇಂಗ್ಲಿಷಿನವರು ತಂತಿಯ ಸುತ್ತನ್ನು ಬಳೆಯಂತೆ ಕಂಡು, ತುದಿಗಳು ಸೇರಿದರೆ ಬಳೆ ಮುಚ್ಚಿತು ಎಂದರು. ನಾವು ಆ ಚಿತ್ರವನ್ನು ಬಿಟ್ಟು ಪದವನ್ನು ಮಾತ್ರ ತಂದುಕೊಂಡೆವು. ಅನ್ಯಭಾಷೆಯ ಪದ ತಂದರೆ ಸಿಡುಕುವವರು ಅನ್ಯಭಾಷೆಯ ಚಿತ್ರವನ್ನು ಕನ್ನಡದ ಬಟ್ಟೆ ತೊಡಿಸಿ ತಂದಾಗ ಏಕೆ ಸುಮ್ಮನಿರುತ್ತಾರೆ? ‘ಮುಚ್ಚಿದ ಮಂಡಲ’ ಕೂಡ ಎರವಲೇ, ‘ರಿಲೇ’ಗಿಂತ ಕೆಟ್ಟ ಎರವಲು. ರಿಲೇ ತನ್ನ ಹೊರಗಿನತನವನ್ನು ಮರೆಸುವುದಿಲ್ಲ, ಇದು ಮರೆಸುತ್ತದೆ.

ರಿಲೇಗೆ ‘ತೂಬು’ ಎನ್ನಬಹುದೆಂದು ನನಗೆ ಬಹುಕಾಲದಿಂದ ಅನಿಸಿದೆ. ಒಬ್ಬ ಮನುಷ್ಯನ ಕೈಬಲದಿಂದ ಕೆರೆಯಷ್ಟು ನೀರನ್ನು ಬಿಡುವುದು, ನಿಲ್ಲಿಸುವುದು ತೂಬಿನ ಕೆಲಸ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಳುವ ಸಾಧನಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಗಲಾರದು. ನಿಘಂಟು ತೆರೆದು ‘ಮರುಪ್ರಸಾರ’ ಎಂದು ಮಾತ್ರ ಬರೆಯಬೇಡಿ, ಅದು ಆಕಾಶವಾಣಿಯ ರಿಲೇ.

ಸಿಂಧನೂರಿನಿಂದ

ನಾನು ಮೋಟಾರು ವೈಂಡಿಂಗ್ ಮಾಡುವವನು, ನಿಘಂಟಿನವನಲ್ಲ. ಆದರೂ ಈ ಜೋಡಿಯನ್ನು ದಿನವೂ ಬಳಸುವುದರಿಂದ ಬರೆಯುತ್ತಿದ್ದೇನೆ.

ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಎರಡು ಗುಂಡಿಗಳಿರುತ್ತವೆ. ಹಸಿರು ಗುಂಡಿಯ ಪಾಯಿಂಟುಗಳು ಬಿಟ್ಟಿರುತ್ತವೆ, ಒತ್ತಿದರೆ ಕೂಡುತ್ತವೆ. ಕೆಂಪು ಗುಂಡಿಯ ಪಾಯಿಂಟುಗಳು ಕೂಡಿರುತ್ತವೆ, ಒತ್ತಿದರೆ ಬಿಡುತ್ತವೆ. ಪ್ರಶ್ನೆ ಕೇಳಿದವರ ‘ನಾರ್ಮಲಿ ಓಪನ್’, ‘ನಾರ್ಮಲಿ ಕ್ಲೋಸ್ಡ್’ ಎಂದರೆ ಇಷ್ಟೇ. ಹೊಲದಿಂದ ಸ್ಟಾರ್ಟರ್ ಹೊತ್ತು ತರುವ ರೈತರು ‘ಪಾಯಿಂಟ್ ಕೂಡಂಗಿಲ್ರೀ’ ಎನ್ನುತ್ತಾರೆ, ‘ಪಾಯಿಂಟ್ ಬಿಡವಲ್ವು’ ಎನ್ನುತ್ತಾರೆ. ತೆರೆ, ಮುಚ್ಚು ಎಂದು ಒಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ. ಆದ್ದರಿಂದ ‘ಕೂಡಿರುವ’, ‘ಬಿಟ್ಟಿರುವ’ ಎಂದು ಬರೆಯಿರಿ.

ಅದಕ್ಕಿಂತ ದೊಡ್ಡ ತಪ್ಪು ‘ಸಾಮಾನ್ಯವಾಗಿ’ ಎಂಬುದರಲ್ಲಿದೆ, ಅದನ್ನು ಯಾರೂ ಹಿಡಿಯಲಿಲ್ಲ. ಇಂಗ್ಲಿಷಿನ ‘ನಾರ್ಮಲಿ’ಗೆ ಇಲ್ಲಿ ‘ಬಹುತೇಕ ಹೊತ್ತು’ ಎಂಬ ಅರ್ಥವಿಲ್ಲ. ‘ಕಾಯಿಲಿಗೆ ಕರೆಂಟ್ ಇಲ್ಲದಾಗ’ ಎಂಬುದಷ್ಟೇ ಅರ್ಥ. ಮೇ ತಿಂಗಳ ಬಳ್ಳಾರಿಯ ಬಿಸಿಲಿನಲ್ಲಿ, ಅದೂ ದೊಡ್ಡ ಎಂಜಿನ್ ಹಾಕಿದ ಕಾರಿನಲ್ಲಿ, ಊರೊಳಗೆ ನಿಧಾನವಾಗಿ ಹೋಗುವಾಗ ಫ್ಯಾನು ತಿರುಗುತ್ತಿರುವುದೇ ಹೆಚ್ಚು. ಆಗ ಕಾಯಿಲಿಗೆ ಕರೆಂಟ್ ಇರುವುದೇ ‘ಸಾಮಾನ್ಯ’ ಸ್ಥಿತಿಯಾಗಿ, ನಿಮ್ಮ ಪದ ಮತ್ತೆ ತಲೆಕೆಳಗಾಗುತ್ತದೆ. ಉದ್ದವಾದರೂ ಚಿಂತೆಯಿಲ್ಲ, ‘ಕಾಯಿಲಿಗೆ ಕರೆಂಟ್ ಇಲ್ಲದಾಗ ಕೂಡಿರುವ ಪಿನ್ನು’ ಎಂದು ಬಿಡಿಸಿಯೇ ಬರೆಯಿರಿ.

87ಎಯನ್ನು ‘ತಪ್ಪು ಪಿನ್ನು’ ಎಂದೂ ಬರೆಯಬಾರದು. ಕಾಯಿಲಿನ ವೈರು ತುಂಡಾದರೂ ಫ್ಯಾನು ನಿಲ್ಲಬಾರದೆಂದು ಬೇಕೆಂದೇ ಅದಕ್ಕೆ ಕೊಡುವವರಿದ್ದಾರೆ. ಆಗ ಬಿಸಿಯಾದಾಗ ಕಾಯಿಲಿನ ಕರೆಂಟ್ ಹೋಗುವಂತೆ ಜೋಡಣೆ ಇರಬೇಕು, 30ಕ್ಕೆ ಬರುವ ಕರೆಂಟ್ ಚಾವಿಯ ಜೊತೆ ನಿಲ್ಲುವಂತಿರಬೇಕು. ನಿಮ್ಮ ಕಾರಿನಲ್ಲಿ ಅದು ನೇರ ಬ್ಯಾಟರಿಯಿಂದ ಬಂದಿರುವುದರಿಂದ 87 ಸರಿ.

ಇನ್ನೊಂದು ಮಾತು. ನಿಮ್ಮ ಹಾಳೆಯಲ್ಲಿ ‘ಫ್ಯಾನನ್ನು ಕಾಯುವ ಫ್ಯೂಸು’ ಎಂದಿದ್ದರೆ ತಿದ್ದಿರಿ. ಫ್ಯೂಸು ಕಾಯುವುದು ವೈರನ್ನು. ಬ್ಯಾಟರಿಯಿಂದ ಫ್ಯೂಸಿನವರೆಗಿನ ವೈರಿಗೆ ಯಾವ ಕಾವಲೂ ಇಲ್ಲ. ಅದು ಎಲ್ಲಿಯಾದರೂ ತಗಡಿಗೆ ಉಜ್ಜಿ ಸುಲಿದರೆ ಬೆಂಕಿ ಹೊತ್ತುತ್ತದೆ. ಅದಕ್ಕೇ ಫ್ಯೂಸನ್ನು ಬ್ಯಾಟರಿಯ ಮಗ್ಗುಲಲ್ಲೇ ಹಾಕಬೇಕು, ಒಂದೊಂದು ಫ್ಯಾನಿಗೆ ಬೇರೆ ಬೇರೆ ಫ್ಯೂಸು, ಬೇರೆ ಬೇರೆ ರಿಲೇ ಇರಬೇಕು. ಒಂದು ಕೈಕೊಟ್ಟರೆ ಇನ್ನೊಂದಾದರೂ ತಿರುಗುತ್ತದೆ. ಮನೆಯಲ್ಲಿ ‘ಫ್ಯೂಸ್ ಕಟ್ಟುವುದು’ ನಮ್ಮವರಿಗೆ ರೂಢಿ, ಸಿಕ್ಕ ತಂತಿಯನ್ನು ಸುತ್ತಿಬಿಡುತ್ತಾರೆ. ‘ಫ್ಯೂಸ್ ಕಟ್ಟಬೇಡಿ, ಅದೇ ಆಂಪಿಯರಿನ ಹೊಸದನ್ನು ಹಾಕಿ’ ಎಂದು ಅದೇ ಮಾತಿನಲ್ಲಿ ಬರೆಯಿರಿ.

ರಾಯಚೂರಿನಿಂದ, ಮತ್ತೆ

‘ಕೂಡು’, ‘ಬಿಡು’ ಒಪ್ಪಿಗೆ. ನನ್ನ ಮೊದಲ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಎರಡು ಹೊಳೆ ಕೂಡುವಲ್ಲಿ ಕೂಡಲ, ಎರಡು ಪಾಯಿಂಟು ಕೂಡುವಲ್ಲಿ ಕರೆಂಟು. ಧಾತು ತನ್ನ ಅರ್ಥವನ್ನು ಒಂದಿಷ್ಟೂ ಬಿಟ್ಟುಕೊಟ್ಟಿಲ್ಲ.

ತೂಬು ಸಲ್ಲದು. ತೂಬು ಎಂದಕೂಡಲೇ ಓದುಗ ತೆರೆಯುತ್ತಾನೆ, ಮುಚ್ಚುತ್ತಾನೆ. ಯಾವ ಹಳ್ಳದಿಂದ ಎದ್ದು ಬಂದೆವೋ ಅದೇ ಹಳ್ಳಕ್ಕೆ ಮತ್ತೆ ಇಳಿಸುವ ಪದ ಅದು. ರಿಲೇ ಎಂಬುದು ದಾರಿಯ ನಡುವೆ ದಣಿದ ಕುದುರೆಗಳ ಬದಲಿಗೆ ಕಟ್ಟಿಡುತ್ತಿದ್ದ ಹೊಸ ಕುದುರೆಗಳ ಫ್ರೆಂಚ್ ಹೆಸರು. ತಂತಿಯಲ್ಲಿ ದೂರ ಸಾಗಿ ಸೊರಗಿದ ಟೆಲಿಗ್ರಾಫ್ ಸಂಕೇತಕ್ಕೆ ಹೊಸ ಬಲ ಕೊಡುವ ಸಾಧನಕ್ಕೆ ಆ ಹೆಸರು ಅಂಟಿತು. ಆ ಅರ್ಥವೇ ಬೇಕೆಂದರೆ ನಮ್ಮಲ್ಲಿ ‘ಸರತಿ’ ಇದೆ. ‘ಸರತಿಗೀಲು’ ಎಂದು ಕಟ್ಟಬಹುದು.

ಕೊಪ್ಪಳದಿಂದ, ಮತ್ತೆ

ತೂಬಿನ ವಿಷಯದಲ್ಲಿ ನೀವು ಹೇಳಿದ್ದು ಸರಿಯಾಗಿದೆ. ಸರತಿಗೀಲು ಎಂದರೆ ಬಸ್‌ನಿಲ್ದಾಣದ ಸಾಲು ನೆನಪಾಗುತ್ತದೆ. ಬೇಡ.

ಬಳ್ಳಾರಿಯಿಂದ, ಕೃತಜ್ಞತೆಯೊಂದಿಗೆ

ಎಲ್ಲರಿಗೂ ವಂದನೆಗಳು. ‘ರಿಲೇ’ಯನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ. ಕಾರು ಹಂಪಿಯ ದಾರಿಯಲ್ಲೋ ಗಂಗಾವತಿಯ ದಾರಿಯಲ್ಲೋ ಬಿಸಿಯಾಗಿ ನಿಂತಾಗ, ಓಡಿಸುವವರು ಹತ್ತಿರದ ಅಂಗಡಿಗೆ ಹೋಗಿ ಕೇಳಬೇಕಾದ ಹೆಸರು ಅದು. ಅಲ್ಲಿ ಬೇರೆ ಹೆಸರು ಹೇಳಿದರೆ ಸಾಮಾನು ಸಿಗದು. ಅಂಗಡಿಯಲ್ಲಿ ಕೊಳ್ಳುವ ವಸ್ತುವಿಗೆ ಅಂಗಡಿಯ ಹೆಸರು, ಆ ವಸ್ತು ಮಾಡುವ ಕೆಲಸಕ್ಕೆ ಮನೆಯ ಕ್ರಿಯಾಪದ: ಈ ಹಾಳೆಯ ಮಟ್ಟಿಗೆ ನಾನು ಹಿಡಿದ ದಾರಿ ಇದು. ಅದೇ ಕಾರಣಕ್ಕೆ ಫ್ಯಾನು ಫ್ಯಾನಾಗಿಯೇ ಉಳಿಯುತ್ತದೆ. ‘ಸ್ವಯಂಚಾಲಿತವಾಗಿ’ ಎಂದು ಬರೆದಿದ್ದನ್ನು ‘ತಾನಾಗಿಯೇ’ ಎಂದು ತಿದ್ದಿದ್ದೇನೆ, ಏಕೆಂದರೆ ಮೊದಲನೆಯದು ಯಂತ್ರದ ಹೆಚ್ಚುಗಾರಿಕೆಯನ್ನು ಹೇಳುವಂತೆ ಕೇಳುತ್ತದೆ, ಎರಡನೆಯದು ಮಾತ್ರ ಕೈಯನ್ನು ಹಿಂದಕ್ಕೆ ಎಳೆಸುತ್ತದೆ.

ಇಂದು ಮಧ್ಯಾಹ್ನ ಹೊಸ ಕರಡನ್ನು ಅದೇ ಹುಡುಗನ ಕೈಗೆ ಕೊಟ್ಟು, ಬಾಯಿಬಿಡದೆ ಪಕ್ಕದಲ್ಲಿ ನಿಂತೆ. ಅವನು ಹಾಳೆಯನ್ನು ಬಾನೆಟ್ಟಿನ ಅಂಚಿಗೆ ಒತ್ತಿಹಿಡಿದು ಎರಡು ಸಲ ಓದಿ, ತಾನಾಗಿಯೇ ಬ್ಯಾಟರಿಯ ಮೈನಸ್ ವೈರನ್ನು ಬಿಚ್ಚಿ, 87ಎಯಲ್ಲಿದ್ದ ವೈರುಗಳನ್ನು ಕಿತ್ತು 87ಕ್ಕೆ ಸಿಕ್ಕಿಸಿದ. ಎಂಜಿನ್ ಬಿಸಿಯಾಗಿ 92 ಡಿಗ್ರಿಗೆ ಫ್ಯಾನುಗಳು ತಿರುಗಿದವು, 87 ಡಿಗ್ರಿಗೆ ಇಳಿದಾಗ ನಿಂತವು. ಚಾವಿ ತೆಗೆದು ಒಂದೆರಡು ನಿಮಿಷವಾದ ಮೇಲೆ, ನಿಂತ ಎಂಜಿನ್ನಿನ ಕಾವು ನೀರಿಗೆ ಏರಿ ಮತ್ತೊಮ್ಮೆ ತಿರುಗತೊಡಗಿದವು. ಫಲಕ ಬೇಕಾಗಿರುವುದು ಆ ಗಳಿಗೆಗೆ. ಅಚ್ಚಿಗೆ ಕೊಡುತ್ತಿರುವ ಪಾಠ ಹೀಗಿದೆ, ಅಕ್ಷರದೋಷ ಕಂಡರೆ ಬೆಳಿಗ್ಗೆ ಹತ್ತರೊಳಗೆ ತಿಳಿಸಿ:

“ಎಚ್ಚರಿಕೆ. ಚಾವಿ ತೆಗೆದ ಮೇಲೂ ಈ ಫ್ಯಾನುಗಳು ತಾವಾಗಿಯೇ ತಿರುಗುತ್ತವೆ. ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ವೈರನ್ನು ಬಿಚ್ಚಿರಿ. ಫ್ಯಾನಿನ ವೈರು ರಿಲೇಯ 87ಕ್ಕೆ: ಇದು ಕಾಯಿಲಿಗೆ ಕರೆಂಟ್ ಬಂದಾಗ ಮಾತ್ರ ಕೂಡುವ ಪಿನ್ನು. 87ಎಗೆ ಕೊಡಬೇಡಿ: ಅದು ಕಾಯಿಲಿಗೆ ಕರೆಂಟ್ ಇಲ್ಲದಾಗ ಕೂಡಿರುವ ಪಿನ್ನು. ಫ್ಯೂಸ್ ಹೋದರೆ ತಂತಿ ಕಟ್ಟಬೇಡಿ, 30 ಆಂಪಿಯರಿನ ಹೊಸ ಫ್ಯೂಸನ್ನೇ ಹಾಕಿರಿ.”